ಸಿಡಿಲಯ್ಯನ ತಾಯಿ

“ಅಮ್ಮಾ, ಸಿನಿಮಾ ನಿಂತೋಯ್ತು” ಎಂದು ನಿರ್ದೇಶಕ ಪ್ರಸಾದ್ ಫೋನಿನಲ್ಲಿ ಹೇಳಿದಾಗ ನಾಗಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಿ ಅವರು ಕೇಳಿದ್ದು ಒಂದೇ ಮಾತು.

“ನಿಂತೋದ್ರೆ ನನ್ನ ಬದುಕ್ಸೋರು ಯಾರಪ್ಪ?”

ಕೇಳುವಂಥ ಮಾತೇ. ಪ್ರಸಾದ್ ತೆಗೆಯಹೊರಟದ್ದು ಒಂದು ಸೂಪರ್‌ಹೀರೋ ಸಿನಿಮಾ. ಅದರ ನಾಯಕ ಸಿಡಿಲಯ್ಯನ ಎದೆಗೆ ಹಿತ್ತಾಳೆಯ ಬಿಲ್ಲೆ ಮಾಡಿಸಲು ಅವನು ಕೆ.ಆರ್. ಪೇಟೆಯ ಅಕ್ಕಸಾಲಿ ರಾಮಚಂದ್ರಾಚಾರ್ ಅವರಲ್ಲಿಗೆ ಬಂದಿದ್ದ. ಆಚಾರ್ರು ಬಿಲ್ಲೆ ಬಡಿಯುತ್ತಿದ್ದರೆ, ಕರೆದಾಗ ಊಟಕ್ಕೆ ಏಳಲಿಲ್ಲವೆಂದು ಅವರ ಹೆಂಡತಿ ನಾಗಲಕ್ಷ್ಮಮ್ಮ ಒಳಗಿನಿಂದ ಮಂಗಳಾರತಿ ಎತ್ತುತ್ತಿದ್ದರು. ಆ ಗುಡುಗನ್ನು ಕೇಳಿದ ಪ್ರಸಾದ್, ಸಿಡಿಲಯ್ಯನ ತಾಯಿ ಸಿಕ್ಕರು ಎಂದು ಕುಣಿದುಬಿಟ್ಟ. ಚಿತ್ರೀಕರಣ ಶುರುವಾದದ್ದೇ ತಾಯಿಯ ಸಾವಿನಿಂದ. ಪಾಂಡವಪುರದ ಕುಂತಿಬೆಟ್ಟದ ಬುಡದಲ್ಲಿ, ಖಳನ ಕಣ್ಣಿನ ಬೆಂಕಿ ತಾಗಿ, ಮಗನ ತೊಡೆಯ ಮೇಲೆ ತಲೆಯಿಟ್ಟು ನಾಗಲಕ್ಷ್ಮಮ್ಮ ಎಷ್ಟು ಚೆನ್ನಾಗಿ ಸತ್ತರೆಂದರೆ, ಲೈಟು ಹಿಡಿದವರೂ ಮೂಗೊರೆಸಿಕೊಂಡರು. ಕೊನೆಯಲ್ಲಿ ಮಗ ಆಕಾಶದಿಂದ ಸಿಡಿಲನ್ನು ಹಿಡಿದು ತಂದು ತಾಯಿಗೆ ಜೀವ ಕೊಡಬೇಕು, ಇಬ್ಬರೂ ಕೈಹಿಡಿದು ಬೆಟ್ಟದ ಮೇಲೆ ಹಾರಬೇಕು. ಹಾರುವಾಗ ಸೆರಗು ಜಾರದಂತೆ ಎಲ್ಲೆಲ್ಲಿ ಪಿನ್ನು ಚುಚ್ಚಬೇಕೆಂದು ನಾಗಲಕ್ಷ್ಮಮ್ಮ ಯೋಚಿಸಿಟ್ಟಿದ್ದರು. ಬೀದಿಯ ಹೆಂಗಸರಿಗೆಲ್ಲ ಹೇಳಿಯೂ ಆಗಿತ್ತು. ಈಗ ನೋಡಿದರೆ ಸಾವು ಉಳಿದು ಹಾರಾಟ ಹೋಯಿತು.

“ಓಗ್ಲಿ ಬುಡು. ಬೆಟ್ಟದಿಂದ ಬಿದ್ದು ಕಾಲು ಮುರ್ಕೊಂಡಿದ್ರೆ ಏನ್ಮಾಡ್ತಿದ್ದೆ?” ಎಂದು ಆಚಾರ್ರು ಸಮಾಧಾನ ಹೇಳಲು ಹೋಗಿ, ಆ ರಾತ್ರಿ ತಣ್ಣಗಿನ ಮುದ್ದೆ ಉಂಡರು.

ಪ್ರಸಾದನಿಗೂ ಸಂಕಟ. ಆ ಸಂಕಟದಲ್ಲಿ ಅವನು ಸಾವಿನ ದೃಶ್ಯದಿಂದ ತಾಯಿಯ ಮುಖವಷ್ಟೇ ಕಾಣುವ ಒಂದು ತುಣುಕು ತೆಗೆದು ಮೊಬೈಲಿನ ಸ್ಟೇಟಸ್ಸಿಗೆ ಹಾಕಿದ. ಹಣೆ ತುಂಬ ಕುಂಕುಮ, ಮೆಲ್ಲಗೆ ಮುಚ್ಚಿಕೊಳ್ಳುವ ಕಣ್ಣು. ಕೆಳಗೆ, ತನ್ನ ಸಿನಿಮಾವನ್ನೇ ನೆನೆದು, “ಅಮ್ಮಾ, ನಿನ್ನನ್ನು ಉಳಿಸಿಕೊಳ್ಳಲು ಆಗಲಿಲ್ಲ” ಎಂದು ಬರೆದ. ಅದು ಫೋನಿನಿಂದ ಫೋನಿಗೆ ದಾಟಿಕೊಂಡು ನಾಗಮಂಗಲ ಮುಟ್ಟುವ ಹೊತ್ತಿಗೆ ಯಾರ ಸಿನಿಮಾ, ಯಾವ ಸಿನಿಮಾ ಎಂಬುದೆಲ್ಲ ಉದುರಿಹೋಗಿ, ನಾಗಲಕ್ಷ್ಮಮ್ಮ ತೀರಿಕೊಂಡರು ಎಂಬುದೊಂದೇ ನಿಂತಿತು.

ಮಾರನೆಯ ಬೆಳಿಗ್ಗೆ ಆಚಾರ್ರ ಮನೆ ಮುಂದೆ ಆಟೋ ಬಂದು ನಿಂತಿತು. ಸೇವಂತಿಗೆ ಹಾರ ಹಿಡಿದು ಇಳಿದವರು ನಾಗಲಕ್ಷ್ಮಮ್ಮನ ಅಕ್ಕ, ನಾಗಮಂಗಲದ ಪ್ರಮೀಳಾ. ತಂಗಿಯ ಮಗಳ ಮದುವೆಯ ಲಗ್ನಪತ್ರಿಕೆಯಲ್ಲಿ ತನ್ನ ಗಂಡನ ಹೆಸರು ಬಿಟ್ಟುಹೋಗಿತ್ತೆಂದು ಮುನಿಸಿಕೊಂಡವರು, ಅಂದಿನಿಂದ ಈ ಹೊಸ್ತಿಲು ತುಳಿದಿರಲಿಲ್ಲ.

“ಅಯ್ಯೋ ರಾಮಚಂದ್ರಪ್ಪೋ, ಬುಟ್ಟೋಗ್ಬುಟ್ಟಳಲ್ಲಪ್ಪೋ!”

ಆಚಾರ್ರಿಗೆ ತಲೆಬುಡ ತಿಳಿಯಲಿಲ್ಲ. ಚಿಮಟ ಹಿಡಿದ ಕೈ ಹಾಗೇ ಮೇಲಿತ್ತು, ಬಾಯಿ ತೆರೆದಿತ್ತು. ಪಾಪ, ಶೋಕದಲ್ಲಿ ಮಾತೇ ನಿಂತಿದೆ ಎಂದುಕೊಂಡರು ಪ್ರಮೀಳಾ.

“ಎಲ್ಲವಳಪ್ಪಾ?”

“ಅಡುಗೆ ಮನೇಲವಳೆ ಅತ್ತಿಗೆ.”

“ಅಡುಗೆ ಮನೇಲ್ಯಾಕಪ್ಪಾ ಮಲಗಿಸಿದ್ದೀರಿ! ನಡುಮನೇಲಿ ಜಾಗ ಇರ್ನಿಲ್ವಾ?”

ನಾಗಲಕ್ಷ್ಮಮ್ಮ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಹೊರಗೆ ಬರಲು ಕಾಲಿಟ್ಟವರು ಅಕ್ಕನ ಮುಂದಿನ ಮಾತಿಗೆ ಮೆತ್ತಗೆ ಹಿಂದೆ ಸರಿದರು.

“ಚಿನ್ನದಂತೋಳು ಕಣಪ್ಪ ನನ್ತಂಗಿ. ನಾನೇ ಪಾಪಿ. ಅಚ್ಚಾಕಿದೋನ ತಪ್ಪು ಬುಡು ಅಂತ ನಮ್ಮೆಜಮಾನ್ರು ಅವತ್ತೇ ಅಂದ್ರು. ಅವ್ರಿಗೆ ಕ್ವಾಪಾನೇ ಬಂದಿರ್ನಿಲ್ಲ. ತಿಂಗ್ಳುಗಟ್ಲೆ ಹೇಳೀ ಹೇಳೀ ನಾನೇ ಬರ್ಸಿದ್ದು!”

ಆಚಾರ್ರು ಏನೋ ಹೇಳಲು ಹೊರಟರು. ಸುಮ್ಮನಿರಿ, ಇನ್ನಷ್ಟು ಬರಲಿ ಎಂದು ನಾಗಲಕ್ಷ್ಮಮ್ಮ ಸಂದಿಯಿಂದ ಸನ್ನೆ ಮಾಡಿದರು. ಆದರೆ ಕುಂತಿಬೆಟ್ಟದ ಬುಡದಲ್ಲಿ ಸಾಯುವಾಗ ಮಿಸುಕದಿದ್ದ ಆ ಮುಖ ಇಲ್ಲಿ ಮಾತು ಕೇಳಲಿಲ್ಲ. ಕಣ್ಣು ತುಂಬಿ ಬಂದು, ಮೂಗು ಸೊರ್ ಎಂದಿತು. ಪ್ರಮೀಳಾ ತಿರುಗಿ ನೋಡಿದರು. ಹಾರ ಕೈಯಿಂದ ಜಾರಿತು. ಮೊದಲು ಹೆದರಿಕೆ, ಆಮೇಲೆ ಅಳು, ಅದರ ಬೆನ್ನಿಗೇ ಕೋಪ.

“ಬದುಕಿದ್ದೀಯೇನೇ?”

“ಇದೀನಿ ಕಣಕ್ಕ.”

“ನಾಚ್ಕೆ ಆಗಲ್ವಾ ನಿಂಗೆ!”

“ಸತ್ತಿದ್ದು ಸಿನಿಮಾದಲ್ಲಿ ಕಣಕ್ಕ. ಬಂದಿದೀಯಲ್ಲ, ಉಂಡ್ಕಂಡು ಓಗು.”

ಪ್ರಮೀಳಾ ಸೆರಗು ಕೊಡವಿ ಬಿರಬಿರನೆ ಹೊರಗೆ ನಡೆದರು. ಆಟೋದವನು ಇನ್ನೂ ಅಲ್ಲೇ ನಿಂತಿದ್ದ. ತಂಗಿ ಬಾಗಿಲಿಗೆ ಬಂದು ನೋಡುತ್ತಿದ್ದರು. ಆಟೋ ಹತ್ತಲು ಕಾಲೆತ್ತಿದ ಅಕ್ಕ ಯಾಕೋ ಇಳಿಸಿದರು. ಅವನನ್ನು ಕಳಿಸಿ, ಹೊಸ್ತಿಲಾಚೆಯೇ ನಿಂತು ಗದರಿದರು.

“ಸಾವಿನ ಮನೆಗೆ ಅಂತ ಹೊರಟು ಬಂದಿದೀನಿ, ನೀರು ಉಯ್ಕೊಳ್ದೆ ಎಂಗೆ ಉಣ್ಣಾದು? ಒಲೆ ಮೇಲೆ ನೀರಿಡು. ನಿಂದೊಂದು ಸೀರೆ ಎತ್ತಿಡು, ನಾನೇನೂ ತಂದಿಲ್ಲ.”

ಅವರೆಕಾಳಿನ ಸಾರಿಗೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತ ಪ್ರಮೀಳಾ ಕೇಳಿದರು, “ಸಿನಿಮಾ ನಿಲ್ದಿದ್ರೆ ಏನಾಯ್ತಿತ್ತು?”

“ಬದುಕ್ತಿದ್ದೆ. ಆಮೇಲೆ ಬೆಟ್ಟದ ಮೇಲೆ ಹಾರ್ತಿದ್ದೆ.”

“ಹಾರಿದ್ರೆ ಒಟ್ಟೆಕಿಚ್ಚಿಗೆ ನಾನು ಇತ್ಲಾಗೆ ತಲೆನೂ ಹಾಕ್ತಿರ್ನಿಲ್ಲ ಬುಡು” ಎಂದು ಅಕ್ಕ ಅನ್ನ ಕಲಸಿದರು.

ಊಟ ಮುಗಿಯಿತು. ತಂಗಿಯ ಸೀರೆಯುಟ್ಟ ಪ್ರಮೀಳಾ ಒದ್ದೆ ಕೂದಲು ಬೆನ್ನಿಗೆ ಹರವಿಕೊಂಡು, ಗೋಡೆಗೊರಗಿ ಕೂತು ಮೊಬೈಲು ತೆರೆದರು. ನಾಗಲಕ್ಷ್ಮಮ್ಮ ತಟ್ಟೆ ಎತ್ತಿಟ್ಟು ಬಂದು, “ಅಕ್ಕ, ಎಲಡಿಕೆ...” ಎಂದರು.

ಪ್ರಮೀಳಾ ಮೊಬೈಲಿನಿಂದ ಕಣ್ಣು ತೆಗೆಯದೆ ಕೈ ಅಡ್ಡ ಮಾಡಿದರು. ಕೆನ್ನೆ ಆಗಲೇ ಒದ್ದೆಯಾಗಿತ್ತು.

“ಶ್, ಸುಮ್ಕಿರಮ್ಮಿ! ಈಗ ಸಾಯ್ತೀಯ.”