ದೊಡ್ಡಪ್ಪನ ಕೊನೆಯ ಮಾತು

ಕಂಬಳಿ ಹೊದ್ದು, ಬಟ್ಟೆ ಬೀರುವಿನೊಳಗೆ ತಲೆ ತೂರಿಸಿಕೊಂಡು, ಅವನು ಸತ್ತ ದೊಡ್ಡಪ್ಪನ ದನಿಯಲ್ಲಿ ಕ್ಷಮೆ ಕೇಳುತ್ತಿದ್ದ.

"ತಪ್ಪು ನಂದೇ ಕಣೇ. ನಿನ್ ಹತ್ರ ಮಾತು ಬಿಡ್ಬಾರ್ದಿತ್ತು."

ದನಿಯೇನೋ ಸರಿಯಾಗಿತ್ತು. ಹಿಂದೆಲ್ಲ ಫೋನಿನಲ್ಲಿ ಅವನು ಹಲೋ ಎಂದರೆ ಸಾಕು, ನೆಂಟರು ದೊಡ್ಡಪ್ಪನೆಂದೇ ತಿಳಿದು ಮನೆಯ ಗುಟ್ಟನ್ನೆಲ್ಲ ಒಪ್ಪಿಸಿಬಿಡುತ್ತಿದ್ದರು. ಆಗ ಅದು ತಮಾಷೆ. ಈಗ ತನ್ನ ದನಿ ಕೇಳಿ ತನಗೇ ಹೇಸಿಗೆಯಾಯಿತು. ಆದರೂ ನಡುವೆ ಒಂದು ಕೆಮ್ಮು ಸೇರಿಸಿ ಇನ್ನೊಮ್ಮೆ ಹೇಳಿದ.

ಇಷ್ಟಕ್ಕೆಲ್ಲ ಕಾರಣ ಅವನ ಕೆಲಸ. ಫೈಲುಗಳನ್ನು ಕುಗ್ಗಿಸಿ ಗಂಟು ಕಟ್ಟಿಡುವ ತಂತ್ರಾಂಶವೊಂದನ್ನು ಪರೀಕ್ಷಿಸುವುದು ಅವನ ಹೊಟ್ಟೆಪಾಡು. ತಂತ್ರಾಂಶ ಹೇಳಿದ್ದನ್ನು ನಂಬದಿರುವುದಕ್ಕೇ ಅವನಿಗೆ ಸಂಬಳ. ಹಾಗಾಗಿ ಆಫೀಸಿನಲ್ಲಿ ಅವನ ಹೆಸರು ಅನುಮಾನಪ್ಪ. ಧ್ವನಿ ಫೈಲುಗಳಿಗೆಂದೇ ಹೊಸ ವಿಧಾನವೊಂದು ಈಗ ಪ್ರಯೋಗದಲ್ಲಿತ್ತು. ಎಷ್ಟೇ ಕುಗ್ಗಿಸಿದರೂ, ಬಿಚ್ಚಿದಾಗ ದನಿ ಒಂದಿಷ್ಟೂ ಕೆಡಬಾರದು. ಆಫೀಸಿನಲ್ಲಿದ್ದ ಮಾದರಿಗಳೆಲ್ಲ ಸ್ಟುಡಿಯೋದ ನಯವಾದ ದನಿಗಳು. ಮನೆಯ ಯಂತ್ರದಲ್ಲಿ ಹಿಡಿದ ಒರಟು ದನಿಯೊಂದು ಬೇಕಿತ್ತು.

ದೊಡ್ಡಮ್ಮನ ಬಳಿ ಅಂಥದ್ದೊಂದಿತ್ತು. ದೊಡ್ಡಪ್ಪ ಯಾವುದೋ ಜಗಳಕ್ಕೆ ಹೆಂಡತಿಯೊಡನೆ ಮಾತು ಬಿಟ್ಟವರು, ವರ್ಷಗಟ್ಟಲೆ ಬಿಟ್ಟೇ ಇದ್ದರು. ಊಟ ಬೇಕೆಂಬುದನ್ನೂ ಗೋಡೆಗೆ ಹೇಳುತ್ತಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ, ಇಬ್ಬರೇ ಇದ್ದಾಗ, ಕ್ಷಮಿಸು ಎಂದರಂತೆ; ದೊಡ್ಡಮ್ಮ ಅದನ್ನು ಕೈಯಲ್ಲಿದ್ದ ಪುಟ್ಟ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡರಂತೆ. ಅಲ್ಲಿಯವರೆಗೆ ಅವರನ್ನು ಕಂಡು ಅಯ್ಯೋ ಪಾಪ ಎನ್ನುತ್ತಿದ್ದ ನೆಂಟರೆಲ್ಲ ಅಂದಿನಿಂದ ಬಾಯಿ ಮುಚ್ಚಿಕೊಂಡರು. ಸಂಜೆಯಾದರೆ ದೊಡ್ಡಮ್ಮ ಇಯರ್‌ಫೋನು ಸಿಕ್ಕಿಸಿಕೊಂಡು ಕೇಳುತ್ತ ಕೂರುತ್ತಿದ್ದರು. ಬೇರೆ ಯಾರ ಕಿವಿಗೂ ಕೊಟ್ಟವರಲ್ಲ.

"ಗಂಡ ಹೆಂಡ್ತಿ ಮಾತು, ನಿಮಗ್ಯಾಕೆ?" ಎನ್ನುತ್ತಿದ್ದರು.

ಆ ಯಂತ್ರದ ಮೈಕು ಯಾವ ಕಾಲದಲ್ಲೋ ಕೆಟ್ಟಿತ್ತು. ಉಳಿದದ್ದೂ ಯಾವಾಗ ಕೈಕೊಡುತ್ತದೋ ಎಂಬ ಭಯ ಮನೆಯವರಿಗೆ. "ಇವನ ಕೈಗೆ ಕೊಡಿ ಅಕ್ಕ, ಭದ್ರವಾಗಿ ಕಟ್ಟಿಡ್ತಾನೆ," ಎಂದು ಅವನ ಅಮ್ಮ ಎಲ್ಲರ ಮುಂದೆಯೇ ಹೇಳಿದಾಗ ದೊಡ್ಡಮ್ಮನ ಮುಖ ಸಣ್ಣದಾಯಿತು. ಇಲ್ಲ ಎನ್ನಲು ಆಗಲಿಲ್ಲ.

"ಕೇಳ್ಬಾರ್ದು, ಆಯ್ತಾ?" ಎಂದರು ಕೊಡುವಾಗ. "ಹಾಳಾದ್ರೆ ಹಾಳಾಗ್ಲಿ. ನೀನು ತಲೆ ಕೆಡಿಸ್ಕೋಬೇಡ."

ಆಫೀಸಿನಲ್ಲಿ ರೆಕಾರ್ಡರನ್ನು ಕಂಪ್ಯೂಟರಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಫೈಲು ಕುಗ್ಗಿತು. ಎಂಥ ಕುಗ್ಗು! ಆನೆಯಂಥದ್ದು ಇರುವೆಯಾಗಿ ಕೂತಿತು. ಅನುಮಾನಪ್ಪನಿಗೆ ಕುಣಿದಾಡುವಷ್ಟು ಖುಷಿ. ಆಮೇಲೆ ಕಣ್ಣಿಗೆ ಬಿತ್ತು: 'ಕಟ್ಟಿದ ಮೇಲೆ ಮೂಲವನ್ನು ಅಳಿಸು' ಎಂಬಲ್ಲಿ ಹಿಂದಿನ ಪರೀಕ್ಷೆಯ ಟಿಕ್ಕು ಹಾಗೇ ಉಳಿದಿತ್ತು. ನಕಲು ತೆಗೆದಿಡದೆ ಪರೀಕ್ಷೆಗೆ ಕೈ ಹಾಕಬೇಡಿ ಎಂದು ಹೊಸಬರಿಗೆಲ್ಲ ಪಾಠ ಹೇಳುವವನು ಅವನೇ.

ಗಡಬಡಿಸಿ ಬಿಚ್ಚಿದ. 'ಮೂಲಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ' ಎಂದಿತು ತಂತ್ರಾಂಶ. ಅದನ್ನು ನಂಬದೆ, ಕೊಟ್ಟ ಮಾತು ಮುರಿದು, ಕೇಳಿದ. ಮೌನ. ಒಂದು ಉಸಿರಿಲ್ಲ, ಒಂದು ಕೆಮ್ಮಿಲ್ಲ. ಅಳಿಸಿಹೋದ ಮೂಲವನ್ನು ಎಬ್ಬಿಸಲು ಇದ್ದಬದ್ದ ಉಪಾಯವನ್ನೆಲ್ಲ ಮಾಡಿದ. ಎದ್ದು ಬಂದದ್ದೂ ಮೌನವೇ. ಅದೂ ಕೆಟ್ಟುಹೋಗಿದೆ ಎಂದುಕೊಂಡ.

"ನನ್ ಕೋಡಲ್ಲಿ ತಪ್ಪಿಲ್ಲ," ಎಂದಳು ಆ ವಿಧಾನವನ್ನು ಬರೆದ ಪ್ರೋಗ್ರಾಮರ್. "ನೀವು ಏನು ಹಾಕ್ತೀರೋ ಅದನ್ನೇ ಅದು ವಾಪಸ್ ಕೊಡೋದು."

"ಸತ್ತವರ ಕೊನೇ ಮಾತನ್ನ ನುಂಗಿ ನೀರು ಕುಡಿದಿದೆ ನಿನ್ ಕೋಡು!"

ಎಲ್ಲರ ಎದುರು ಹರಿಹಾಯ್ದ. ಅವಳು ಕಣ್ಣು ತುಂಬಿಕೊಂಡು ಎದ್ದುಹೋದಳು. ಟಿಕ್ಕಿನ ವಿಷಯ ಮಾತ್ರ ಅವನು ಬಾಯಿ ಬಿಡಲಿಲ್ಲ. ಅಂದಿನಿಂದ ಅವಳ ಮೇಜಿನ ಮುಂದೆ ಹಾಯಬೇಕಾದಾಗೆಲ್ಲ ನಾಚಿಕೆಯಿಂದ ಸುತ್ತು ಹಾಕಿ ಹೋಗುತ್ತಿದ್ದ.

ದೊಡ್ಡಮ್ಮನಿಗೆ ಇದ್ದದ್ದು ಅದೊಂದೇ ಮಾತು. ಅದನ್ನೂ ಕಳೆದೆ ಎಂದು ಯಾವ ಬಾಯಿಂದ ಹೇಳುವುದು? ಹೇಳಿಬಿಡೋಣವೆಂದು ಅವರ ಬಾಗಿಲವರೆಗೆ ಹೋಗಿ, ಕರೆಗಂಟೆ ಒತ್ತಲಾರದೆ ವಾಪಸು ಬಂದಿದ್ದ. ಆಮೇಲೆಯೇ ಈ ಬೀರು, ಈ ಕಂಬಳಿ.

ಬೀರುವಿನೊಳಗೆ ಫೋನಿನಲ್ಲಿ ಹಿಡಿದ ದನಿಯನ್ನು ರೆಕಾರ್ಡರಿಗೆ ತುಂಬಿ, ಮುಂದಿನ ಭಾನುವಾರ ಅದನ್ನು ದೊಡ್ಡಮ್ಮನ ಕೈಗಿಟ್ಟ.

"ಸರಿಯಾಗಿದ್ಯಾ?" ಎಂದರು.

"ನೀವು ಕೊಟ್ಟಾಗ ಹೇಗಿತ್ತೋ ಹಾಗೇ ಇದೆ ದೊಡ್ಡಮ್ಮ. ಒಂಚೂರೂ ವ್ಯತ್ಯಾಸ ಇಲ್ಲ."

"ನೀನು ಕೇಳ್ಲಿಲ್ಲ ತಾನೇ?"

"ಛೆ, ಇಲ್ಲಪ್ಪ."

ದೊಡ್ಡಮ್ಮ ನಿರಾಳವಾಗಿ ನಕ್ಕರು. ಅಭ್ಯಾಸಬಲದಿಂದ ಇಯರ್‌ಫೋನು ಸಿಕ್ಕಿಸಿಕೊಂಡು ಗುಂಡಿ ಒತ್ತಿದರು. ನಗು ಅಲ್ಲೇ ನಿಂತಿತು. ಮುಖದಲ್ಲಿ ರಕ್ತವಿಲ್ಲದಂತಾಯಿತು. ಮೊದಲಿನಿಂದ ಮತ್ತೊಮ್ಮೆ ಕೇಳಿದರು, ಈ ಸಲ ಕಣ್ಣು ಮುಚ್ಚಿಕೊಂಡು. ಕೆನ್ನೆಯ ಮೇಲೆ ನೀರಿಳಿಯಿತು.

ಅವನಿಗೆ ಹೋದ ಜೀವ ಬಂದಂತಾಯಿತು. ಬಚಾವಾದೆ ಎಂದುಕೊಂಡ. ಬಚಾವಾದದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಅವರ ಮುಖ ನೋಡಲಾರದೆ ನೆಲ ನೋಡುತ್ತ ಕೂತ.

ದೊಡ್ಡಮ್ಮ ಇಯರ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರೂ ಅವನತ್ತ ನೋಡಲಿಲ್ಲ.

"ಯಾರಿಗೂ ಹೇಳ್ಬೇಡ ಕಣಪ್ಪ," ಎಂದರು. "ಆ ಮನುಷ್ಯ ಸಾಯೋವರೆಗೂ ನನ್ ಹತ್ರ ಒಂದ್ ಮಾತೂ ಆಡ್ಲಿಲ್ಲ, ನಾನು ಕೊಟ್ಟಾಗ ಇದ್ರಲ್ಲಿ ಏನೂ ಇರ್ಲಿಲ್ಲ."