ಮಾನ್ವಿ ವರನ ಹೊಸ ತಂಡ

ಒಬ್ಬನನ್ನೂ ಉಳಿಸಿರಲಿಲ್ಲ. ಗೋಲ್‌ಕೀಪರ್‌ನಿಂದ ಹಿಡಿದು ಕ್ಯಾಪ್ಟನ್‌ವರೆಗೆ ಹದಿನೈದೂ ಆಟಗಾರರನ್ನು ಕಿತ್ತೆಸೆದು ಹೊಸಬರನ್ನು ತಂದು ಕೂರಿಸಲಾಗಿತ್ತು. ಜಗದೀಶ ಮೊಬೈಲನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದ. ತಂಡದ ಒಡೆಯ ಮಾನ್ವಿಯ ಆಂಜನೇಯ. ಬರುವ ತಿಂಗಳು ತನ್ನ ತಂಗಿ ರಾಧಾಳ ಕೈ ಹಿಡಿಯಬೇಕಾದವನು.

ಆಟವೇನೋ ಮೊಬೈಲಿನದು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಡುವವರಲ್ಲಿ ಹದಿನೈದು ಮಂದಿಯನ್ನು ರಾಯಚೂರಿನಲ್ಲಿ ಕೂತು ಆರಿಸಿಕೊಳ್ಳಬೇಕು. ಅವರು ಅಲ್ಲಿ ಗೋಲು ಹೊಡೆದರೆ, ಇಲ್ಲವೆ ಗೋಲು ತಡೆದರೆ ಇವರಿಗೆ ಇಲ್ಲಿ ಅಂಕ. ಸೀಸನ್ ನಡುವೆ ಒಮ್ಮೆ ಇಡೀ ತಂಡವನ್ನೇ ಬದಲಿಸಬಹುದು. ದೇವದುರ್ಗದ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾದ ಜಗದೀಶ ಗೆಳೆಯರನ್ನು ಸೇರಿಸಿ ಒಂದು ಲೀಗ್ ಕಟ್ಟಿದ್ದ. ಸಂಬಂಧದ ಮಾತು ಶುರುವಾದಾಗ ಆಂಜನೇಯನನ್ನೂ ಬೇಕೆಂದೇ ಅದರೊಳಗೆ ಎಳೆದುಕೊಂಡಿದ್ದ.

ಹೆಣ್ಣು ಕೊಡುವವರು ವರನ ಓಣಿಯಲ್ಲಿ, ಆಫೀಸಿನಲ್ಲಿ, ಚಹಾದಂಗಡಿಯಲ್ಲಿ ವಿಚಾರಿಸುವುದು ವಾಡಿಕೆ. ಜಗದೀಶ ಅದನ್ನೆಲ್ಲ ಮುಗಿಸಿದ್ದ. ಹುಡುಗ ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದಾನೆ, ಚಟಗಿಟ ಇಲ್ಲ ಎಂದು ಎಲ್ಲರೂ ಹೇಳಿದರು. ಆದರೆ ಓಣಿಯವರನ್ನು ಯಾರು ನಂಬುತ್ತಾರೆ? ಮನುಷ್ಯನ ಗುಣ ಆಟದಲ್ಲಿ ಬಯಲಾಗುತ್ತದೆ ಎನ್ನುವುದು ಈ ಮಾಸ್ತರನ ಸಿದ್ಧಾಂತ.

ಆ ಪರೀಕ್ಷೆಯಲ್ಲಿ ಆಂಜನೇಯ ಇಲ್ಲಿಯವರೆಗೆ ಪಾಸಾಗಿದ್ದ. ಕಾಲು ಮುರಿದುಕೊಂಡು ಮಲಗಿದ ಆಟಗಾರನನ್ನೂ ಬಿಡದೆ ಇಟ್ಟುಕೊಂಡಿದ್ದ. "ಪಾಪ, ಇವತ್ತಲ್ಲ ನಾಳಿ ಹುಷಾರಾಗ್ತಾನ್ರಿ," ಎನ್ನುತ್ತಿದ್ದ. ಲೀಗಿನಲ್ಲಿ ಕಟ್ಟಕಡೆಯ ಸ್ಥಾನ ಅವನದೇ.

"ನಿಮ್ಮ ಬೀಗ ಟೀಮ್ ಕಟ್ಯಾನೋ, ದವಾಖಾನಿ ತೆಗದಾನೋ?" ಎಂದು ಸಹೋದ್ಯೋಗಿ ವಲಿ ಪಾಷಾ ಛೇಡಿಸಿದಾಗ ಜಗದೀಶನಿಗೆ ಒಳಗೊಳಗೇ ಖುಷಿಯಾಗಿತ್ತು. ಇಂಥವನು ಹಿಡಿದ ಕೈ ಬಿಡುವುದಿಲ್ಲ.

ಅವನಿಗೆ ಬೇಕಾಗಿದ್ದು ಅದೊಂದೇ. ಹೋದ ವರ್ಷ ಸಿರವಾರದ ವರ ನಿಶ್ಚಯ ಮುಗಿದ ಮೇಲೆ, ಇದಕ್ಕಿಂತ ಒಳ್ಳೆಯ ಸಂಬಂಧ ಬಂತೆಂದು ಕೈಕೊಟ್ಟಿದ್ದ. ರಾಧಾ ತಿಂಗಳುಗಟ್ಟಲೆ ಯಾರೊಂದಿಗೂ ಮಾತಾಡಲಿಲ್ಲ. ಶನಿವಾರ ಸಂಜೆ ಅಣ್ಣ ಟೀವಿಯಲ್ಲಿ ಮ್ಯಾಚ್ ಹಚ್ಚಿದಾಗ ಮಾತ್ರ ಬಂದು ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದಳು. ಆ ಮುಖವನ್ನು ಇನ್ನೊಮ್ಮೆ ನೋಡುವ ಶಕ್ತಿ ಜಗದೀಶನಿಗಿರಲಿಲ್ಲ.

ಈಗ ನೋಡಿದರೆ ಇವನೂ ಅದೇ ಜಾತಿ!

"ನೋಡಿಲ್ಲಿ, ನಿನ್ನ ಆಂಜನೇಯನ ಕರಾಮತ್ತು," ಎಂದು ಅಡುಗೆಮನೆಗೆ ಹೋಗಿ ಮೊಬೈಲು ಚಾಚಿದ.

ರಾಧಾ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಳು. "ಆಡಲಾರದವರನ್ನ ಇಟ್ಕೊಂಡು ಪೂಜಿ ಮಾಡಬೇಕೇನು? ತಗದದ್ದು ಚಲೋನ ಆತು ಬಿಡು."

"ಕಾಲು ಮುರದವನನ್ನೂ ಹೊರಗ ಹಾಕ್ಯಾನ!"

"ಅಂವ ಸೀಸನ್ ಮುಗಿಯೋತನ ಏಳಂಗಿಲ್ಲ ಯಣ್ಣಾ," ಎಂದಳು, ತಲೆ ಎತ್ತದೆ.

ಈಗಲೇ ಗಂಡನ ಪರ ವಕಾಲತ್ತು! ಜಗದೀಶ ಹಲ್ಲು ಕಚ್ಚಿ ಹೊರಬಂದ. "ಆಟಕ್ಯಾಕ ಇಷ್ಟು ತಲಿ ಕೆಡಿಸ್ಕೋತಿಯೋ ಯಪ್ಪಾ," ಎಂದು ಪಡಸಾಲೆಯಿಂದ ತಾಯಿ ಗದ್ದೆಮ್ಮ ನಕ್ಕಳು.

ವಾರ ಕಳೆಯಿತು. ಕಟ್ಟಕಡೆಗಿದ್ದ ಆಂಜನೇಯನ ತಂಡ ಸರಸರನೆ ಮೇಲೆ ಬಂತು. ಅದಕ್ಕೆ ರಾಶಿ ಅಂಕ ತಂದವನು ಯಾರಿಗೂ ಗೊತ್ತಿರದ ಒಬ್ಬ ಹೊಸ ಡಿಫೆಂಡರ್. ಜಗದೀಶ ಆ ಹೆಸರನ್ನು ಮತ್ತೊಮ್ಮೆ ಓದಿದ. ಆ ಹುಡುಗನ ಮೇಲೆ ಕಣ್ಣಿಟ್ಟಿದ್ದವನು ತಾನು! ವಲಿ ಪಾಷಾನಿಗೂ ಹೇಳದ ಗುಟ್ಟು. ಊಟಕ್ಕೆ ಕೂತಾಗ ಮನೆಯವರ ಎದುರು ಒಮ್ಮೆ ಬಾಯಿಬಿಟ್ಟಿದ್ದ, ಅಷ್ಟೇ.

ಅಂದರೆ ಇವನು ಫೋನಿನಲ್ಲಿ ಸವಿಮಾತಾಡಿ ತಂಗಿಯ ಬಾಯಿ ಬಿಡಿಸುತ್ತಿದ್ದಾನೆ. ಪಾಪದ ಹುಡುಗಿ, ಅಣ್ಣನ ಮನೆಯ ಗುಟ್ಟನ್ನೆಲ್ಲ ಒಪ್ಪಿಸುತ್ತಿದ್ದಾಳೆ.

ತಡೆಯಲಾರದೆ ಫೋನ್ ಮಾಡಿದ. "ಟೀಮು ಭಾರೀ ಕಟ್ಟೀರಿ ಬಿಡ್ರಿ."

"ಹೌದೇನ್ರಿ? ನಾ ಇನ್ನಾ ನೋಡೇ ಇಲ್ಲರೀ," ಎಂದ ಆಂಜನೇಯ.

ನೋಡೇ ಇಲ್ಲವಂತೆ! ತನ್ನದೇ ತಂಡವನ್ನು! ಇಷ್ಟು ಸಲೀಸಾಗಿ ಸುಳ್ಳಾಡುವವನು ನಾಳೆ ಮನೆಯಲ್ಲಿ ಇನ್ನೇನು ಹೇಳಿಯಾನು? ಆ ರಾತ್ರಿ ಜಗದೀಶನಿಗೆ ಅನ್ನ ಸೇರಲಿಲ್ಲ.

ಭಾನುವಾರ ಯಾರಿಗೂ ಹೇಳದೆ ಮಾನ್ವಿ ಬಸ್ಸು ಹತ್ತಿದ. ಆಂಜನೇಯನ ತಾಯಿ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು ಬರಮಾಡಿಕೊಂಡಳು. "ಬರ್ರಿ ಬರ್ರಿ, ನಿಮ್ಮ ತಂಗಿ ಹೆಂಗದಾಳ? ಬಂಗಾರದಂಥ ಹುಡುಗಿ. ನಂದು ಒಂದ ಆಸಿ ಐತ್ರೀ, ಬರೋ ಸೊಸಿ ಮಂದೀನ ಹಚ್ಚಿಕೊಂಡು ಇರೋವಂಥಾಕಿ ಆಗಬೇಕು," ಎನ್ನುತ್ತ ಚಹಾ ಮಾಡಲು ಒಳಗೆ ಹೋದಳು. ಇಂಥ ತಾಯಿಗೆ ಎಂಥ ಮಗ!

ಆಂಜನೇಯ ಎದುರು ಬಂದು ಕೂತ. ಜಗದೀಶ ಪೀಠಿಕೆ ಹಾಕಲಿಲ್ಲ.

"ಹದಿನೈದು ಮಂದೀನ ಒಂದ ಏಟಿಗೆ ಹೊರಗ ಹಾಕೋದೇನು ಸಣ್ಣ ಮಾತೇನ್ರಿ?"

ಆಂಜನೇಯ ಗಾಬರಿಯಿಂದ ಅಡುಗೆಮನೆಯ ಕಡೆ ನೋಡಿದ. ಎದ್ದು ನಡುಬಾಗಿಲು ಮುಂದೆ ಮಾಡಿ ಬಂದ. ಕಳ್ಳನ ಲಕ್ಷಣ ಇನ್ನು ಬೇರೆ ಬೇಕೆ?

"ಜಗದೀಶಣ್ಣ, ಅದು ಬರೇ ಆಟ ಅಲ್ಲೇನ್ರೀ..."

"ಆಟ ಅಲ್ಲ, ಗುಣ!" ಜಗದೀಶನ ದನಿ ಏರಿತು. ಸಿರವಾರದ ಸಿಟ್ಟೂ ಅದರಲ್ಲಿ ಬೆರೆತಿತ್ತು. "ಇಷ್ಟು ದಿನ ಜೋಡಿಗಿದ್ದವರನ್ನ ಕರುಣಿ ಇಲ್ಲದ ಕಿತ್ತು ಒಗಿಯೋರು ಸಂಸಾರಕ್ಕ ಲಾಯಕ್ಕಲ್ಲ. ಎದಿಯಾಗ ಕಲ್ಲಿಟ್ಕೊಂಡಿರ್ತಾರ. ಅಂಥೋರನ್ನ ಯಾರೂ ಮನಿಯೊಳಗ ಕರ್ಕೋಬಾರದು! ಈ ಮದುವಿ ಬ್ಯಾಡ್ರಿ!"

ಒಳಗೆ ಕಪ್ಪುಗಳ ಸದ್ದು ನಿಂತಿತು. ಆಂಜನೇಯ ಧಡಕ್ಕನೆದ್ದು ಅವನ ಎರಡೂ ಕೈ ಹಿಡಿದುಕೊಂಡ.

"ನಿಮ್ಮ ಕಾಲಿಗಿ ಬೀಳ್ತೀನಿ, ಮೆಲ್ಲಕ ಮಾತಾಡ್ರಿ, ನಮ್ಮವ್ವ ಕೇಳಿಸ್ಕೊಂಡ್ರ ಖರೇನ ಮದುವಿ ನಿಂತೀತು. ಆ ಟೀಮು ನಾನು ರಾಧಾಗ ಕೊಟ್ಟು ತಿಂಗಳಾತು, ಅಷ್ಟೂ ಮಂದೀನ ಕಿತ್ತು ಒಗದಾಕಿ ನಿಮ್ಮ ತಂಗೀನ ರೀ!"