ತಮ್ಮನ ದನಿ

ಈಗೆಲ್ಲ ಕೋರ್ಟ್ ನೋಟಿಸು ಕಾಗದದಲ್ಲಿ ಬರುವುದಿಲ್ಲ. ದಾವೆ ಹೂಡಿದವರ ದನಿಯಲ್ಲೇ ಬಂದು, ಉತ್ತರ ಸಿಗುವವರೆಗೆ ಮನೆಯೊಳಗೆ ಮಾತಾಡುತ್ತಿರುತ್ತದೆ. ಸುಭದ್ರಮ್ಮನ ಅಡುಗೆಮನೆಗೆ ಬಂದದ್ದು ತಮ್ಮ ಶ್ರೀಕಂಠನ ದನಿ. "ಅಪ್ಪನ ಮನೆ ಪೂರ್ತಿ ನನಗೇ ಸೇರಬೇಕಕ್ಕಾ. ಉತ್ತರ ಕೊಡು." ವರ್ಷಗಳಿಂದ ಮಾತು ಬಿಟ್ಟಿದ್ದ ತಮ್ಮ. ಸೊಪ್ಪು ಬಿಡಿಸುತ್ತ ಆಕೆ ಸುಮ್ಮನೆ ಕೇಳುತ್ತಿದ್ದಳು.

"ಅಮ್ಮಾ, ಗಡುವು ಇವತ್ತಿಗೆ ಮುಗಿಯುತ್ತೆ," ಮಗಳು ಮಾಲತಿ ರೇಗಿದಳು. "ಸುಮ್ನಿದ್ರೆ ನೀನು ಹಾಜರಾಗಲಿಲ್ಲ ಅಂತ ಮಾವನ ಪರವೇ ತೀರ್ಪಾಗುತ್ತೆ. ಆಮೇಲೆ ನಾವೆಲ್ಲಿಗೆ ಹೋಗೋದು?"

ಸುಭದ್ರಮ್ಮ ಕೈ ಒರೆಸಿಕೊಂಡು ಎದ್ದಳು. "ಇದಕ್ಕೆ ನನ್ನ ತಕರಾರಿದೆ. ವಕೀಲರ ಜೊತೆ ಬಂದು ಹೇಳ್ತೀನಿ."

ದನಿ ಅಲ್ಲಿಗೇ ನಿಂತಿತು. ಸದ್ಯ, ಎಂದು ಮಾಲತಿ ಉಸಿರುಬಿಟ್ಟಳು.

ಸುಭದ್ರಮ್ಮ ದಣಿದವಳಂತೆ ಗೋಡೆಗೊರಗಿ ಕೂತಳು.

"ಜಗಳಕ್ಕಾದರೂ ಮನೇಲಿದ್ದ ಕಣೇ," ಎಂದಳು.